ಗಿರಿಜಕ್ಕ ಕೇಳಿದ ಪ್ರಶ್ನೆ

ಕಳೆದ ವರ್ಷ ದಸರಾ ರಜೆ ಮುಗಿದ ಮೇಲಿನ ಮೊದಲ ಭಾನುವಾರ ಅದು. ಚನ್ನಗಿರಿಯಲ್ಲಿ ನಾವು ಹನ್ನೆರಡು ಜನ ಸೇರಿ ಒಂದು ಓದುಗರ ಬಳಗ ಮಾಡಿಕೊಂಡಿದ್ದೇವೆ. ತಿಂಗಳಿಗೊಂದು ಪುಸ್ತಕ ಓದಿ, ಸ್ಟೇಷನರಿ ಅಂಗಡಿಯೊಂದರ ಮಹಡಿಯಲ್ಲಿ ಕೂತು ಮಾತಾಡುತ್ತೇವೆ. ನಾನು ಹೈಸ್ಕೂಲು ಶಿಕ್ಷಕಿ. ಬಳಗದ ಓಡಾಟವೆಲ್ಲ ನನ್ನದೇ. ಆ ದಿನ, ಆ ತಿಂಗಳ ಕಾದಂಬರಿ ಬರೆದವರನ್ನೇ ಮೊದಲ ಬಾರಿಗೆ ಕರೆಸಿದ್ದೆ. ಎಪ್ಪತ್ತರ ಹತ್ತಿರದ ನಿವೃತ್ತ ಮೇಷ್ಟ್ರು ಅವರು.

ಗಂಡನ ಮನೆ ಬಿಟ್ಟು ಲಾರಿ ಡ್ರೈವರ್ ಜೊತೆ ಓಡಿಹೋದ ಹೆಂಗಸು, ಅವಳು ಬಿಟ್ಟುಹೋದ ಮೂರು ವರ್ಷದ ಮಗಳು: ಇಷ್ಟು ಕಾದಂಬರಿಯ ಕಥೆ. ತಾಯಿಗಾಗಿ ಕಾದೂ ಕಾದೂ ಆ ಹುಡುಗಿ ಜ್ವರ ಬಂದು ಸಾಯುತ್ತಾಳೆ. ಕೊನೆಯ ಅಧ್ಯಾಯ ಓದಿ ನಾನು ಅತ್ತಿದ್ದೆ.

ಮೊದಲು ಮಾತಾಡಿದವಳೂ ನಾನೇ. "ಮಗು ಬಿಟ್ಟು ಹೋದವಳನ್ನ ತಾಯಿ ಅನ್ನಬಾರದು ಸರ್. ನೀವು ಅವಳಿಗೆ ಯಾವ ಶಿಕ್ಷೆಯನ್ನೂ ಕೊಡಲಿಲ್ಲ, ಅದೊಂದೇ ನನಗೆ ಬೇಸರ" ಎಂದೆ. ಸುತ್ತ ಕೂತವರು ಹೌದೆಂದು ತಲೆಯಾಡಿಸಿದರು. ಒಬ್ಬರಂತೂ ಇನ್ನೂ ಕಟುವಾಗಿ ಮಾತಾಡಿದರು.

ಆಗ ಕಿಟಕಿಯ ಪಕ್ಕದಿಂದ ಗಿರಿಜಕ್ಕ ಎದ್ದು ನಿಂತರು. ಐವತ್ತು ದಾಟಿದ ಹೆಂಗಸು. ಸಂತೇಬೆನ್ನೂರಿನಲ್ಲಿ ಒಬ್ಬರೇ ಇದ್ದುಕೊಂಡು ಬ್ಲೌಸ್ ಹೊಲಿಯುತ್ತಾರೆ. ಎರಡು ವರ್ಷದಿಂದ ಬಸ್ಸಿನಲ್ಲಿ ಬಂದು ಕೂತು, ಎಲ್ಲ ಕೇಳಿಸಿಕೊಂಡು ಹೋಗುತ್ತಿದ್ದರೇ ಹೊರತು ಒಂದು ದಿನವೂ ಬಾಯಿ ಬಿಟ್ಟವರಲ್ಲ.

"ಸರ್, ಆ ಮಗು ಸತ್ತಿದ್ದು ನಿಜವಾ?"

ಲೇಖಕರು ನಕ್ಕರು. "ಅದು ಕಾದಂಬರಿ ಅಮ್ಮ."

"ಹಿತ್ತಲಾಗೆ ಸೀಬೆ ಗಿಡ, ಮಗೀನ ಎಡಗೈಯಾಗೆ ಆರು ಬೆರಳು, ಬಾಗಿಲಿಗೆ ನೀಲಿ ಬಣ್ಣ. ನ್ಯಾಮತಿ ಊರಿನ ಮನೇದು ಇದೆಲ್ಲ ನಿಮಗೆ ಹೆಂಗೆ ಗೊತ್ತಾತು?"

ಅವರ ಮುಖದ ನಗು ಹೋಯಿತು. "ಆ ಮನೆಯ ಪಕ್ಕದಲ್ಲೇ ಬಾಡಿಗೆಗಿದ್ದೆ. ಆ ಮಗುವಿನ ಅಜ್ಜಿ ಹೇಳುತ್ತಿದ್ದ ಸಂಗತಿ ಅದು. ತಾವು ಯಾರು?"

"ನಾನು ಆ ಮಗೀನ ತಾಯಿ."

ನನಗೆ ತಲೆ ಎತ್ತಿ ಅವರ ಮುಖ ನೋಡಲೂ ಆಗಲಿಲ್ಲ.

ಗಿರಿಜಕ್ಕ ಅಳಲಿಲ್ಲ. ನಿಂತುಕೊಂಡೇ ಹೇಳಿದರು. "ಗಂಡ ಹೊಡೆದು ಹೊರಗೆ ಹಾಕಿದ. ಕಂಕುಳಾಗಿದ್ದ ಮಗೀನ ನಮ್ಮತ್ತೆ ಕಿತ್ಕೊಂಡು ಬಾಗಿಲು ಹಾಕ್ಕೊಂಡ್ಲು. ರಸ್ತೇಲಿ ಅಳ್ತಾ ನಿಂತಿದ್ದೆ, ಒಂದು ಲಾರಿಯೋರು ಹೊನ್ನಾಳಿ ತನಕ ಕರ್ಕೊಂಡು ಬಂದ್ರು. ಆ ಲಾರಿಯಾಗೆ ಡ್ರೈವರ್ ಹೆಂಡ್ತಿನೂ ಇದ್ಲು ಸರ್. ಅದನ್ನ ಯಾಕೆ ಬರೀಲಿಲ್ಲ?"

"ನನಗೆ ಅದನ್ನು ಯಾರೂ ಹೇಳಲಿಲ್ಲ."

"ನೀವು ಯಾರ್ನ ಕೇಳಿದ್ರಿ?"

ಲೇಖಕರು ಮುಂದಿದ್ದ ಪುಸ್ತಕವನ್ನು ಮುಚ್ಚಿಟ್ಟರು.

ತವರಿನ ಹಿರಿಯರನ್ನು ಕರೆದುಕೊಂಡು ಗಿರಿಜಕ್ಕ ಎರಡು ಸಲ ಮಗು ಕೇಳಲು ಹೋಗಿದ್ದರಂತೆ. ಎರಡು ಸಲವೂ ಅತ್ತೆ ಬಾಗಿಲು ತೆಗೆದಿರಲಿಲ್ಲ. ಕೆಲವು ವರ್ಷಗಳ ನಂತರ ಮೂರನೇ ಸಲ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಆ ಸಂಸಾರ ಎಲ್ಲಿಗೆ ಹೋಯಿತೆಂದು ಯಾರೂ ಹೇಳಲಿಲ್ಲ.

"ಈ ಪುಸ್ತಕ ಓದಿ ತಿಂಗಳಾತು. ಆವತ್ತಿಂದ ಅನ್ನ ಸೇರ್ತಿಲ್ಲ. ನನ್ನ ಬಗ್ಗೆ ಏನು ಬೇಕಾದ್ರೂ ಬರ್ಕೊಳ್ರಿ. ಮಗು ಐತೋ ಇಲ್ವೋ, ಅಷ್ಟು ಹೇಳ್ರಿ ಸಾಕು."

ಮೇಷ್ಟ್ರು ಎದ್ದು ನಿಂತರು. "ಇದ್ದಾಳೆ ತಾಯಿ. ನಿಮ್ಮ ಸವಿತಾ ನ್ಯಾಮತಿ ಶಾಲೆಯಲ್ಲಿ ನನ್ನ ಹತ್ತಿರವೇ ಓದಿದ ಹುಡುಗಿ, ಈಗಲೂ ಫೋನ್ ಮಾಡುತ್ತಿರುತ್ತಾಳೆ. ಮದುವೆಯಾಗಿ ಜಗಳೂರಿನಲ್ಲಿದ್ದಾಳೆ, ಅಂಗನವಾಡಿಯಲ್ಲಿ ಕೆಲಸ. ಕಥೆಗೆ ಒಂದು ಮುಕ್ತಾಯ ಬೇಕಿತ್ತು, ಅದಕ್ಕೆ ಸಾಯಿಸಿದೆ."

ಗಿರಿಜಕ್ಕ ಅಲ್ಲಿಯವರೆಗೂ ನಿಂತೇ ಇದ್ದವರು ನೆಲದ ಮೇಲೆ ಕುಸಿದು ಕೂತರು. ಅವರಿಗೆ ನೀರು ಕುಡಿಸಿದವಳು ನಾನು. ಕ್ಷಮಿಸಿ ಎನ್ನಲು ಹೊರಟೆ. ಅವರೇ ನನ್ನ ಕೈ ಹಿಡಿದು, "ಪುಸ್ತಕದಾಗೆ ಇದ್ದದ್ದನ್ನ ಹೇಳಿದ್ರಿ, ಬಿಡ್ರಿ ಮೇಡಂ" ಎಂದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಮೇಷ್ಟ್ರು ಆ ವಾರವೇ ಸವಿತಾಳ ಜೊತೆ ಮಾತಾಡಿದರು. ಅವಳು ಯೋಚನೆ ಮಾಡಬೇಕು ಎಂದಳಂತೆ. ಒಂದೂವರೆ ತಿಂಗಳಾದ ಮೇಲೆ, ಬರಲಿ ಎಂದು ಹೇಳಿಕಳಿಸಿದಳು. ಗಿರಿಜಕ್ಕನ ಜೊತೆ ಜಗಳೂರಿಗೆ ನಾನೂ ಹೋದೆ. ಸಿನಿಮಾದಲ್ಲಿ ಆಗುವಂತೆ ಅಪ್ಪಿಕೊಂಡು ಅಳುವುದೇನೂ ನಡೆಯಲಿಲ್ಲ. ಸವಿತಾ ಚಾಪೆ ಹಾಸಿ ಕೂರಿಸಿದಳು. ಅಮ್ಮ ಎಂದು ಕರೆಯಲಿಲ್ಲ. ನಾವು ಹೊರಟಾಗ ಮಾತ್ರ ಬಾಗಿಲ ತನಕ ಬಂದು, "ಬಸ್ಸು ಸಿಗದಿದ್ರೆ ವಾಪಸ್ ಬರ್ರಿ" ಎಂದಳು.

ಈಗಲೂ ನಾನು ಪುಸ್ತಕ ಓದುತ್ತೇನೆ, ಬಳಗದಲ್ಲಿ ಮಾತಾಡುತ್ತೇನೆ. ಆದರೆ ಯಾವ ಪಾತ್ರವನ್ನಾದರೂ ಕೆಟ್ಟದ್ದೆನ್ನುವ ಮೊದಲು ಎದುರಿಗೆ ಕೂತವರ ಮುಖಗಳನ್ನು ಒಮ್ಮೆ ನೋಡುತ್ತೇನೆ.

ಜಗಳೂರಿನಲ್ಲಿ ಅಂದು ನಮಗೆ ಬಸ್ಸು ಸಿಕ್ಕಿತು. ಇಳಿಯುವ ಹೊತ್ತಿಗೆ ಗಿರಿಜಕ್ಕ ನನ್ನ ಕಡೆ ತಿರುಗಿ, "ಮೇಡಂ, ಅವಳ ದನಿ ನಮ್ಮವ್ವನ ದನಿ ಇದ್ದಂಗೇ ಐತೆ" ಎಂದರು.