ಐವತ್ತರ ಪಕ್ಕದ ಗುರುತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಚ್ಚುಕೂಟದ ಮುಂದಿನ ಕೋಣೆಯಲ್ಲಿ ದೀಪ ಹಾಕಿಲ್ಲ, ಕಂಪ್ಯೂಟರಿನ ಪರದೆಯೂ ಕಪ್ಪಗಿದೆ. ಕೂತಿರುವ ಹೆಣ್ಣುಮಗಳಿಗೆ ಅವೆರಡೂ ಬೇಕಿಲ್ಲ, ಕಣ್ಣು ಕಾಣುವುದಿಲ್ಲ. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಾರೆ. ಇನ್ನೊಂದು ಕಿವಿ ಮನುಷ್ಯರಿಗೆ ಅಂತ ಖಾಲಿ ಬಿಟ್ಟಿದ್ದಾರೆ. ಬರೆದದ್ದನ್ನು ಕಂಪ್ಯೂಟರೇ ಓದಿ ಹೇಳುತ್ತದೆ. ಆ ದನಿಯ ಓಟ ನಮಗೆ ಬರೀ ಗುಂಯ್ ಅನ್ನುವ ಸದ್ದು, ಅವರಿಗೆ ಮಾತು. ಗೋಡೆಯಾಚೆ ಮೆಷಿನ್ ಆಗಲೇ ಹೊಡೆಯುತ್ತಿದೆ.

ಇಲ್ಲಿ ಅಚ್ಚಾಗುವುದು ಔಷಧಿ ಡಬ್ಬಿಯೊಳಗೆ ಮಡಿಸಿ ಇಡುವ ಚೀಟಿಗಳು. ನಾವು ನೀವು ತೆಗೆದು, ಓದದೆ, ಬಿಸಾಕುತ್ತೀವಲ್ಲ, ಅವೇ. ಅವನ್ನು ಟೈಪ್ ಮಾಡುವುದು ಇವರು. ಎಲ್ಲರೂ ಅಕ್ಕ ಅನ್ನುತ್ತಾರೆ. ಮೆಷಿನ್ ನಡೆಸುವವರು ಇವರಿಗಿಂತ ದೊಡ್ಡವರು, ಅವರೂ ಅಕ್ಕ ಅಂತಲೇ ಕೂಗುತ್ತಾರೆ.

ಅಕ್ಷರ ಹೊಡೆಯುವುದು ಕಷ್ಟವಲ್ಲ, ಬೆರಳಿಗೆ ಅಭ್ಯಾಸವಿದೆ. ಕಷ್ಟ ಇರುವುದು ಕೀಬೋರ್ಡಿನಲ್ಲಿ ಇಲ್ಲದ ಗುರುತುಗಳಲ್ಲಿ. ಡಿಗ್ರಿಯ ಪುಟ್ಟ ಸೊನ್ನೆ, ಕೂಡುವುದು ಕಳೆಯುವುದು ಒಂದರ ಮೇಲೊಂದು ಕೂತ ಗುರುತು, ಮೈಕ್ರೋ ಅನ್ನುವ ಬಾಲದ ಅಕ್ಷರ. ಪ್ರತಿಯೊಂದಕ್ಕೂ ಒಂದು ನಂಬರ್ ಇದೆ. ಆಲ್ಟ್ ಅನ್ನುವ ಗುಂಡಿ ಒತ್ತಿ ಹಿಡಿದು, ಬಲಗಡೆಯ ಅಂಕಿಗಳಲ್ಲಿ ಆ ನಂಬರ್ ಒತ್ತಿ ಕೈ ಬಿಟ್ಟರೆ ಗುರುತು ಬೀಳುತ್ತದೆ.

"ಸೊನ್ನೆ ಒಂದು ಎಂಟು ಒಂದು ಅಂದ್ರೆ ಮೈಕ್ರೋ. ನಮ್ಮನೇಲಿ ದೊಡ್ಡವಳನ್ನ ಕರೆಯೋಕೆ ಹೋಗಿ ಚಿಕ್ಕವಳ ಹೆಸರು ಹೇಳ್ತೀನಿ, ಇದು ಮಾತ್ರ ತಪ್ಪಲ್ಲ" ಅಂತ ಅಕ್ಕ ನಗುತ್ತಾರೆ.

ಆದರೆ ಆ ಅಂಕಿಗಳಿಗೆ ಎರಡು ಕೆಲಸ. ಮೇಲಿರುವ ನಮ್ ಲಾಕ್ ಗುಂಡಿ ಹಾಕಿದ್ದರೆ ಅವು ಅಂಕಿ. ತೆಗೆದಿದ್ದರೆ ಓದುವ ದನಿಯನ್ನು ಹಿಂದೆ ಮುಂದೆ ನಡೆಸುವ ಕಡಿವಾಣ. ಹಾಕುವುದು ಮರೆತರೆ ಗುರುತು ಬೀಳುವುದೇ ಇಲ್ಲ, ಬೆರಳಿಗೆ ಮಾತ್ರ ಬಿದ್ದ ಹಾಗೇ ಇರುತ್ತದೆ. ಅದಕ್ಕೇ ಅಕ್ಕ ಒಂದು ಕಟ್ಟುಪಾಡು ಇಟ್ಟುಕೊಂಡಿದ್ದಾರೆ: ಗುರುತು ಹಾಕಿದ ಮೇಲೆ ಒಂದು ಹೆಜ್ಜೆ ಹಿಂದೆ ಬಂದು ಅದರ ಹೆಸರು ಕೇಳಿಸಿಕೊಂಡೇ ಮುಂದಕ್ಕೆ ಹೋಗುವುದು.

ಕಣ್ಣಿದ್ದಾಗಲೂ ಇದೇ ಕುರ್ಚಿಯಲ್ಲಿ ಕೂತು ದುಡಿದವರು. ಮದುವೆಯಾದ ಮೇಲೆ ನೋಟ ಅಂಚಿನಿಂದ ಒಳಕ್ಕೆ ಮುದುಡುತ್ತಾ ಬಂತು. ಆಸ್ಪತ್ರೆಗಳ ಬೆಂಚು ಸವೆಸಿದ್ದಾಯಿತು, ಮನೆಯಲ್ಲಿ ಕೂತದ್ದೂ ಆಯಿತು. ಗಂಡ ದರ್ಜಿ. ಆ ದಿನಗಳಲ್ಲಿ ಗಂಡನ ಅಂಗಡಿಯ ಗುಂಡಿಗಳನ್ನೆಲ್ಲ ಮುಟ್ಟಿ ಮುಟ್ಟಿ ಬೇರೆ ಮಾಡುತ್ತಿದ್ದರಂತೆ. "ಬೇರೆ ಮಾಡಿ ಮುಗಿದ ಮೇಲೆ ಸುಮ್ಮನೆ ಕೂರೋಕಾಗದೆ ಮತ್ತೆ ಕಲಸಿಬಿಡ್ತಿದ್ದೆ" ಅನ್ನುತ್ತಾರೆ. ನಾದಿನಿ ಎಲ್ಲಿಂದಲೋ ಈ ಓದುವ ದನಿಯನ್ನು ತಂದು ಕಂಪ್ಯೂಟರಿಗೆ ಹಾಕಿಕೊಟ್ಟಳು. ಅಚ್ಚುಕೂಟದ ಯಜಮಾನರು ಅರೆಮನಸ್ಸಿನಲ್ಲಿ ವಾಪಸ್ ಕರೆದರು. ಹೋದ ಮಳೆಗಾಲದಲ್ಲಿ ಒಂದು ಡಿಗ್ರಿ ಗುರುತು ಬಿಟ್ಟುಹೋಗಿ ಮೆಷಿನ್ ನಿಲ್ಲಿಸಬೇಕಾಗಿ ಬಂದಾಗ ಅವರು ಮೆತ್ತಗೆ ಹೇಳಿದ್ದಿಷ್ಟೇ: "ಇನ್ನೊಂದು ಸಲ ಹೀಗಾದ್ರೆ ಟೈಪಿಂಗ್ ಹೊರಗಡೆ ಕೊಡ್ತೀನಮ್ಮ. ಬೇಜಾರು ಮಾಡ್ಕೋಬೇಡ."

ಈಗ ಬೆರಳು ನಿಂತಿದೆ. ಗೋಡೆಯಾಚೆ ಅಚ್ಚಾಗುತ್ತಿರುವ ಚೀಟಿಯನ್ನೇ ತೆರೆದು, ಅದೇ ಗುಳಿಗೆಯ ದೊಡ್ಡ ಅಳತೆಗೆ ಇನ್ನೊಂದು ಚೀಟಿ ಮಾಡಲು ಹೊರಟಿದ್ದರು. ಐವತ್ತನ್ನು ನೂರು ಮಾಡಬೇಕಿತ್ತು. ಒಂದೊಂದೇ ಅಕ್ಷರ ದಾಟುತ್ತಾರೆ. ಐದು. ಸೊನ್ನೆ. ಜಿ.

ಹಿಂದೆ ಬರುತ್ತಾರೆ, ಮತ್ತೆ ಹೋಗುತ್ತಾರೆ. ಐದು. ಸೊನ್ನೆ. ಜಿ. ನಡುವೆ ಮೈಕ್ರೋ ಇಲ್ಲ.

ನಿನ್ನೆ ಸಂಜೆ ಔಷಧಿ ಕಂಪನಿಯವರು ಫೋನಿನಲ್ಲಿ ಆ ಒಂದೇ ಸಾಲು ತಿದ್ದಿಸಿದ್ದರು. ಬಾಗಿಲಲ್ಲಿ ಕಾಗದದ ಲಾರಿ ಗುಡುಗುತ್ತಿತ್ತು. ನಮ್ ಲಾಕ್ ಬಿತ್ತು ಅಂತ ದನಿ ಹೇಳಿತೋ ಇಲ್ಲವೋ ಅಕ್ಕನಿಗೆ ಕೇಳಿಸಲಿಲ್ಲ. ಆತುರದಲ್ಲಿ ಹಿಂದೆ ಬಂದೂ ನೋಡಲಿಲ್ಲ. ತಿದ್ದಿದ ಮೇಲೆ ಆ ಹಾಳೆಯನ್ನು ಕಣ್ಣಿದ್ದವರೂ ಯಾರೂ ನೋಡಿಲ್ಲ.

ಗೋಡೆ ಹಿಡಿದು ಮೆಷಿನ್ ಕೋಣೆಗೆ ಬರುತ್ತಾರೆ. "ಅಣ್ಣ, ನಿಲ್ಲಿಸಿ."

"ಏನಕ್ಕ, ಈಗ ತಾನೇ ಹಾಳೆ ಮೇಲೆ ಬಣ್ಣ ಸರಿಯಾಗಿ ಕೂತಿದೆ."

"ನಿಲ್ಲಿಸಿ ಅಂದೆ. ಐವತ್ತರ ಪಕ್ಕ ಏನಿದೆ ನೋಡಿ."

ಮೆಷಿನ್ ಉಸಿರುಬಿಟ್ಟು ನಿಲ್ಲುತ್ತದೆ. ಮೆಷಿನ್ ಅಣ್ಣ ಹಾಳೆಯೊಂದನ್ನು ಬೆಳಕಿಗೆ ಹಿಡಿಯುತ್ತಾರೆ. "ಜಿ ಇದೆ. ಐವತ್ತು ಗ್ರಾಂ. ಬಿಡಕ್ಕ, ಅಷ್ಟು ಗುಳಿಗೆ ಯಾರು ನುಂಗ್ತಾರೆ, ಅದೇನು ಊಟವಾ. ನೋಡಿದೋರಿಗೆ ತಪ್ಪು ಅಂತ ಗೊತ್ತಾಗುತ್ತೆ."

"ತಪ್ಪು ಅಂತ ಗೊತ್ತಾಗುತ್ತೆ. ಸರಿ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಮೈಕ್ರೋ ಬದಲು ಮಿಲಿ ಇರಬೇಕು ಅಂತ ತಾವೇ ತುಂಬಿಕೊಂಡ್ರೆ ಔಷಧಿ ಸಾವಿರ ಪಟ್ಟು ಆಗುತ್ತೆ."

ಅಣ್ಣ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ. "ಹಂಗಾದ್ರೆ ಫೋನಲ್ಲಿ ಹೇಳಿದೋರೇ ತಪ್ಪಾಗಿ ಹೇಳಿದ್ರು ಅನ್ನು. ಫೋನಿನ ಮಾತಿಗೆ ಸಾಕ್ಷಿ ಎಲ್ಲಿದೆ? ನಿನ್ನ ಕುರ್ಚಿ ಉಳಿಯುತ್ತೆ."

ಅಕ್ಕ ಮೆಷಿನ್ನಿನ ಕಂಬಿ ಹಿಡಿದು ನಿಂತಿದ್ದಾರೆ. ಹೊರಗೆ ಯಜಮಾನರ ಗಾಡಿ ನಿಂತ ಸದ್ದು. ಚಪ್ಪಲಿಯ ಸದ್ದು ಒಳಗೆ ಬಂದು ಹತ್ತಿರವೇ ನಿಲ್ಲುತ್ತದೆ.

"ಯಾಕೆ ನಿಂತಿದೆ?"

"ನಾನು ನಿಲ್ಲಿಸಿದೆ" ಅನ್ನುತ್ತಾರೆ ಅಕ್ಕ. "ಮೈಕ್ರೋ ಬಿದ್ದಿಲ್ಲ. ಕಂಪನಿಯವರು ಸರಿಯಾಗೇ ಹೇಳಿದ್ರು. ನಾನು ಹಾಕಿದೆ ಅಂದ್ಕೊಂಡೆ, ಹಿಂದೆ ಬಂದು ಕೇಳಲಿಲ್ಲ."

ಯಜಮಾನರು ಹಾಳೆ ತೆಗೆದುಕೊಳ್ಳುತ್ತಾರೆ. ಅಚ್ಚಾದ ಕಟ್ಟನ್ನು ಕಾಲಲ್ಲಿ ಪಕ್ಕಕ್ಕೆ ಸರಿಸುತ್ತಾರೆ. "ಕಂಪನಿಗೆ ಹೋದದ್ದು ಇದೆಯಾ?"

"ಒಂದೂ ಹೋಗಿಲ್ಲ" ಅನ್ನುತ್ತಾರೆ ಮೆಷಿನ್ ಅಣ್ಣ.

"ಹಂಗಾದ್ರೆ ತಿದ್ದಮ್ಮ. ಬೇರೆ ಮಾತು ಆಮೇಲೆ."

ಆ ಆಮೇಲೆ ಅನ್ನುವ ಮಾತು ಹೊತ್ತುಕೊಂಡೇ ಅಕ್ಕ ಕುರ್ಚಿಗೆ ಮರಳುತ್ತಾರೆ. ನಮ್ ಲಾಕ್ ಹಾಕುತ್ತಾರೆ, ತೆಗೆಯುತ್ತಾರೆ, ಮತ್ತೆ ಹಾಕುತ್ತಾರೆ. ಗುರುತು ಬೀಳುತ್ತದೆ. ಹಿಂದೆ ಬಂದು ಕೇಳುತ್ತಾರೆ. ಅಷ್ಟಕ್ಕೇ ಬಿಡದೆ ಇಡೀ ಚೀಟಿಯನ್ನು ತಲೆಯಿಂದ ಬುಡದವರೆಗೆ ಅಕ್ಷರ ಅಕ್ಷರವಾಗಿ ದಾಟುತ್ತಾರೆ. ಯಾರೂ ಅವಸರ ಮಾಡುವುದಿಲ್ಲ. ಮುಗಿದ ಮೇಲೆ ಹಣೆಯ ಬೆವರು ಒರೆಸಿಕೊಳ್ಳುತ್ತಾ ಅಕ್ಕ ಯಜಮಾನರಿಗೆ ಇಷ್ಟೇ ಹೇಳುತ್ತಾರೆ: "ನನಗೆ ಕಣ್ಣು ಬೇಕು ಅಂತ ಆಸೆ ಇಲ್ಲ. ಟೈಪ್ ಮುಗಿದ ಮೇಲೆ ಒಂದು ಸಲ ಪಕ್ಕದಲ್ಲಿ ಕೂತು ಯಾರಾದ್ರೂ ಗಟ್ಟಿಯಾಗಿ ಓದಿದ್ರೆ ಸಾಕು."

ತಿದ್ದಿದ ಚೀಟಿಯ ಹೊಸ ಅಚ್ಚಿನ ಪ್ಲೇಟ್ ಮೆಷಿನ್ನಿಗೆ ಏರುತ್ತದೆ. ಮೊದಲ ಹಾಳೆ ಹೊರಬರುತ್ತಲೇ ಯಜಮಾನರು ಕನ್ನಡಕ ಹಾಕಿಕೊಂಡು, ಮುಂದಿನ ಕೋಣೆಗೆ ಕೇಳುವ ಹಾಗೆ, ಒಂದೊಂದೇ ಸಾಲು ಓದುತ್ತಾರೆ. ಐವತ್ತು ಮೈಕ್ರೋ ಗ್ರಾಂ ಅಂದ ಮೇಲೆ ಸ್ವಲ್ಪ ತಡೆದು, ಮುಂದಿನ ಸಾಲಿಗೆ ಹೋಗುತ್ತಾರೆ.

"ಇನ್ನು ಹೊಡೀಲಾ ಯಜಮಾನ್ರೇ?" ಅಂತ ಕೇಳುತ್ತಾರೆ ಮೆಷಿನ್ ಅಣ್ಣ.

"ನನ್ನ ಯಾಕಯ್ಯ ಕೇಳ್ತೀಯ. ಅಕ್ಕನ್ನ ಕೇಳು."