ಬೇಲದ ಗಿಡಕ್ಕೆ ಕದ್ದು ಹಾಕಿದ ನೀರು

ಬಸ್ಸಿನಲ್ಲಿ ಮುಂದಿನ ಸೀಟಿನಾಕೆ ಚೀಲದಲ್ಲಿ ಬೇಲದ ಹಣ್ಣು ತಂದಿದ್ದರು. ನಂಜನಗೂಡು ದಾಟುವಷ್ಟರಲ್ಲಿ ಅದರ ವಾಸನೆ ಬಸ್ಸೆಲ್ಲ ತುಂಬಿತು. ಕಿಟಕಿ ತೆಗೆದೆ, ಮುಚ್ಚಿದೆ, ಸೀಟು ಬದಲಿಸಿದೆ. ಬೇರೆಯವರಿಗೆ ಬಾಯಲ್ಲಿ ನೀರೂರಿಸುವ ವಾಸನೆ ನನ್ನನ್ನು ಮಾತ್ರ ಕೂತಲ್ಲಿ ಕೂರಲು ಬಿಡುವುದಿಲ್ಲ. ಪಕ್ಕದ ಮನೆಯ ದೊಡ್ಡವ್ವ ನೆನಪಾಗುತ್ತಾರೆ...

ದೊಡ್ಡವ್ವನ ತವರು ಟಿ. ನರಸೀಪುರದ ಕಡೆ. ಅಲ್ಲಿ ಅವರ ಮನೆ ಮುಂದಿದ್ದ ಬೇಲದ ಮರವನ್ನು ರಸ್ತೆ ಅಗಲ ಮಾಡುವಾಗ ಕಡಿದರು. ಅದರ ಕೊನೆಯ ಹಣ್ಣೊಂದನ್ನು ದೊಡ್ಡವ್ವ ಸೆರಗಿನಲ್ಲಿ ಕಟ್ಟಿಕೊಂಡು ಬಂದರು. ತಿರುಳು ತೊಳೆದು, ಬೀಜಕ್ಕೆ ಬೂದಿ ಹಚ್ಚಿ, ಮುಂಗಾರಿನಲ್ಲಿ ಹಿತ್ತಲಾಚೆಯ ಕಲ್ಲುನೆಲಕ್ಕೆ ಊರಿದರು. ಮೊಳೆತದ್ದು ಮೂರು. ಎರಡನ್ನು ಮೇಕೆ ತಿಂದಿತು.

ಮಳೆಗಾಲ ಮುಗಿದ ಮೇಲೆ ಉಳಿದ ಒಂದಕ್ಕೆ ನೀರು ಹಾಕೋಣವೆಂದು ನಾನು ಚೊಂಬು ಎತ್ತಿಕೊಂಡರೆ ಗದರಿದರು. "ಬ್ಯಾಡ ಮಗ. ನೀರ ಉಡುಕ್ಕೊಂಡು ಬೇರು ತಾನೇ ಕೆಳೀಕೋಗ್ಬೇಕು. ನೀನು ಉಯ್ದ್ರೆ ಸೋಂಬೇರಿಯಾಯ್ತದೆ."

ಆಗ ನಾನು ಡಿಗ್ರಿ ಮುಗಿಸಿ ನಂಜನಗೂಡಿನ ಹತ್ತಿರ ತಾಂಡ್ಯದ ಫ್ಯಾಕ್ಟರಿಯೊಂದರ ಕರೆಗೆ ಕಾಯುತ್ತಿದ್ದೆ. ಕಾಯುವುದೆಂದರೆ ನನಗೆ ಆಗಿಬರದ ಕೆಲಸ. ಹತ್ತು ಸಲ ಫೋನ್ ನೋಡುವುದು, ಹತ್ತು ಸಲ ಹಿತ್ತಲಿಗೆ ಹೋಗಿ ಗಿಡ ನೋಡುವುದು. ಅದರ ಎಲೆ ಉದುರತೊಡಗಿದಾಗ ತಡೆಯಲಾಗಲಿಲ್ಲ. ಸಂಜೆ ದೊಡ್ಡವ್ವ ಡೈರಿಗೆ ಹಾಲು ಹಾಕಲು ಹೋದ ಹೊತ್ತು ನೋಡಿ ದಿನಾ ಒಂದು ಬಿಂದಿಗೆ ಸುರಿದೆ. ಕೆಲವೇ ದಿನದಲ್ಲಿ ಗಿಡ ಚಿಗುರಿತು. "ನೋಡ್ದಾ, ನಮ್ಮಪ್ಪನ ಮನೆ ಮರ ಕಣ್ ಮಗ, ನೀರ ಕಂಡ್ಕಂಡದೆ!" ಎಂದು ದೊಡ್ಡವ್ವ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ನಾನೂ ಏನೂ ಅರಿಯದವಳಂತೆ ಹಲ್ಲು ಕಿರಿದೆ.

ಯುಗಾದಿ ಕಳೆದ ಮೇಲೆ ಕೆಲಸ ಸಿಕ್ಕಿತು. ನಂಜನಗೂಡಿನಲ್ಲಿ ರೂಮು ಮಾಡಿದೆ. ಶಿಫ್ಟು, ಓವರ್‌ಟೈಮು... ಗಿಡದ ನೆನಪೇ ಆಗಲಿಲ್ಲ. ತಿಂಗಳ ನಂತರ ಊರಿಗೆ ಹೋದಾಗ ದೊಡ್ಡವ್ವ ಒಣಗಿದ ಗಿಡವನ್ನು ಕಿತ್ತು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬೇರು ಗೇಣುದ್ದವೂ ಇರಲಿಲ್ಲ, ಮೇಲ್ಮಣ್ಣಿನಲ್ಲೇ ಸುತ್ತಿಕೊಂಡು ಬೆಳೆದಿತ್ತು.

"ಶಿವರಾತ್ರಿ ದಿಸ ಬಿಸ್ಲು ನೋಡಿ ಕರ್ಳು ಚುರುಕ್ ಅಂತು. ಒಂದೇ ಒಂದ್ ಚೊಂಬು ಉಯ್ದುಬುಟ್ಟೆ. ನನ್ ಕೈಯಾರ ನಾನೇ ಕೊಂದೆ ಕಣ್ ಮಗ," ಎಂದರು.

ಒಂದು ಚೊಂಬು! ನಾನು ಸುರಿದ ಬಿಂದಿಗೆಗಳಿಗೆ ಲೆಕ್ಕವಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. "ಬುಡು ದೊಡ್ಡವ್ವ, ಈ ಸಲ ಬಿಸ್ಲು ಜಾಸ್ತಿ," ಎಂದೆ. ಅಷ್ಟೇ...

ಊರಲ್ಲಿ ಯಾರ ಮನೆಯಲ್ಲಿ ಕುಂಬಳದ ಬೀಜ ಇಡಬೇಕಾದರೂ ಕೈಗುಣ ಒಳ್ಳೆಯದೆಂದು ದೊಡ್ಡವ್ವನನ್ನೇ ಕರೆಯುತ್ತಿದ್ದರು. ಆಮೇಲೆ ಅವರು ಯಾರು ಕರೆದರೂ ಹೋಗಲಿಲ್ಲ. ಹೋದ ವರ್ಷ ತೀರಿಕೊಂಡರು. ಅಲ್ಲಿಯವರೆಗೂ ಒಂದು ಬೀಜವನ್ನೂ ಮಣ್ಣಿಗೆ ಹಾಕಲಿಲ್ಲವಂತೆ. ಮಣ್ಣಿಗೆ ಹೋದ ದಿನ ನಾನೂ ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿ ಬಂದೆ.

ಇವತ್ತು ಬಸ್ಸಿಳಿದವಳೇ ಅವರ ಸೊಸೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. "ಅಯ್ಯೋ ಬುಡು ಅಕ್ಕ, ಒಂದ್ ಗಿಡುಕ್ಕೆ ಇಷ್ಟೊಂದಾ?" ಎಂದು ಅವಳು ನಕ್ಕಳು. ನನಗೆ ಅಳು ಬಂತು. ಬಯ್ದು ಕ್ಷಮಿಸಬೇಕಾದವರು ಅವಳಲ್ಲವಲ್ಲ.