ನೇರಳೆ ರಾಕ್ಷಸನ ಎಡಗೈ

ಆ ಕೈ ನನಗೆ ಕಮಲಾಪುರದಲ್ಲಿ ಸಿಕ್ಕಿತ್ತು. ಸಿಕ್ಕಿದ್ದನ್ನು ಅಜಮ್‌ನಿಂದ ಮುಚ್ಚಿಟ್ಟೆ. ಅವನು ಆಮೇಲೂ ಅದನ್ನೇ ಹುಡುಕುತ್ತ ಅಲೆದ. ಹಾಗೆ ಹುಡುಕಲು ಹೋಗುವಾಗಲೇ ಕಾಲು ಕಳೆದುಕೊಂಡ — ಇಲ್ಲ, ಕಳೆದುಕೊಂಡ ಎಂಬುದು ತಪ್ಪು. ಕಾಲು ಇದೆ. ಮೊಣಕಾಲು ಮಡಚುವುದಿಲ್ಲ. ಇಷ್ಟು ವರ್ಷ ಸುದ್ದಿ ಬರೆದವನಿಗೆ ಇಂದಿಗೂ ತಪ್ಪು ಪದವೇ ಮೊದಲು ಬರುತ್ತದೆ.

ಕೈ ಎಂದರೆ ಆಟಿಕೆಯ ಕೈ. ಹೆಬ್ಬೆರಳಿನಷ್ಟು ಉದ್ದ, ನೇರಳೆ ಬಣ್ಣ, ತುದಿಯಲ್ಲಿ ಮೂರು ಉಗುರು.

ತೊಂಬತ್ತರ ದಶಕದ ಮಾತು. ಕಲಬುರಗಿಯನ್ನು ನಾವು ಆಗ ಗುಲಬರ್ಗಾ ಎಂದು ಬರೆಯುತ್ತಿದ್ದೆವು. ಅಲ್ಲಿಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ನಾನು ವರದಿಗಾರ, ಅಜಮ್ ಫೋಟೋಗ್ರಾಫರ್. ಇಬ್ಬರಿಗೂ ಒಂದೇ ಹುಚ್ಚು: ರಾಕ್ಷಸ ಗೊಂಬೆ ಕೂಡಿಸುವುದು. ಮೆತ್ತನೆಯ ಪ್ಲಾಸ್ಟಿಕ್ಕಿನವು, ಒಳಗೆ ಪೊಳ್ಳು. ಅದಕ್ಕೆ ವಿನೈಲ್ ಅನ್ನುತ್ತಾರೆಂದು ಬಹಳ ತಡವಾಗಿ ತಿಳಿಯಿತು. ನಮ್ಮ ಬಾಯಲ್ಲಿ ಅವು ರಬ್ಬರ್ ರಾಕ್ಷಸರು. ಹೈದರಾಬಾದಿನ ಕಡೆಯಿಂದ ಗೋಣಿಯಲ್ಲಿ ತುಂಬಿ ಬಂದ ಅಗ್ಗದ ಮಾಲು — ಒಂದಕ್ಕೆ ಕೊಂಬು, ಒಂದಕ್ಕೆ ಹೊಟ್ಟೆಯಲ್ಲಿ ಬಾಯಿ. ನಮಗೊಂದು ನಿಯಮವಿತ್ತು. ಒಂದು ಪ್ಲೇಟು ಭಜಿ, ಒಂದು ಚಹಾ — ಅದರ ಬೆಲೆಗಿಂತ ಹೆಚ್ಚು ಯಾವ ರಾಕ್ಷಸನಿಗೂ ಕೊಡುವಂತಿಲ್ಲ. ಹೆಚ್ಚು ಹೇಳಿದರೆ ಬಿಟ್ಟು ಬಂದು ಭಜಿ ತಿನ್ನುತ್ತಿದ್ದೆವು.

ಯಾಕೆ ಈ ಚಟ ಎಂದು ಕಚೇರಿಯಲ್ಲಿ ಯಾರೋ ಕೇಳಿದಾಗ ಅಜಮ್ ಹೇಳಿದ್ದ: "ವಾರ ಎಲ್ಲಾ ಮಂತ್ರಿಗಳ ಫೋಟೋ ತೆಗೀತೀನ್ರೀ. ಇವರಽ ಚಲೋ, ನಾವು ರಾಕ್ಷಸರು ಅಂತ ಮೊದಲಽ ಒಪ್ಕೊಂಡು ನಿಂತಾರ."

ಈ ಗೊಂಬೆಗಳ ಕೈಕಾಲು ಬೇರೆಬೇರೆ ಅಚ್ಚಿನವು. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗಿ ಕಳಚುತ್ತವೆ, ಒತ್ತಿದರೆ ಮತ್ತೆ ಕೂಡುತ್ತವೆ. ಜೇವರ್ಗಿ ಕಾಲೋನಿಯ ಅವನ ಮನೆಯಲ್ಲಿ ಆ ಕೆಲಸ ನಡೆಯುತ್ತಿದ್ದುದು ಚಹಾದ ಪಾತ್ರೆಯಲ್ಲೇ. ಅವನ ಹೆಂಡತಿ ಶಹನಾಜ್ ಭಾಭಿ ಚಹಾದ ಕಪ್ಪು-ಬಸಿ ತಂದಿಡುತ್ತ ಅನ್ನುತ್ತಿದ್ದರು: "ಕುಡೀರಿ ಕುಲಕರ್ಣಿಯವ್ರೇ, ಕುಡೀರಿ. ನಾಳಿಗೆ ನಿಮಗೂ ಬಾಲ ಬಂತಂದ್ರ ನನಗ ಕೇಳಬ್ಯಾಡ್ರಿ."

ಅವನ ಬಳಿ ಒಂದು ನೇರಳೆ ರಾಕ್ಷಸ ಇತ್ತು, ಎಡಗೈ ಇಲ್ಲದ್ದು. ಅದು ಬಂದದ್ದು ಕಮಲಾಪುರದ ಬಸ್ ಸ್ಟ್ಯಾಂಡಿನ ಎದುರು, ಕೆಂಪು ಬಾಳೆಹಣ್ಣಿನ ಬುಟ್ಟಿಗಳ ಪಕ್ಕದಲ್ಲಿ ಹಳೆ ಆಟಿಕೆ ಸಾಮಾನು ಹರವಿಕೊಂಡು ಕೂಡುತ್ತಿದ್ದ ಮುದುಕನಿಂದ. ಕೈ ಅವನ ಗೋಣಿಯಲ್ಲೇ ಎಲ್ಲೋ ಇರಬೇಕೆಂದು ಅಜಮ್‌ನ ನಂಬಿಕೆ. ಹಾಗಾಗಿ ವಾರದ ರಜೆ ಬಂತೆಂದರೆ ನನ್ನ ಸ್ಕೂಟರ್ ಕಮಲಾಪುರಕ್ಕೆ ಹುಮನಾಬಾದ್ ರಸ್ತೆ ಹಿಡಿಯುತ್ತಿತ್ತು. ನಾನು ಗಾಡಿ ಹೊಡೆಯುತ್ತಿದ್ದೆ, ಅವನು ಹಿಂದೆ ಕೂತು ಮಾತಾಡುತ್ತಿದ್ದ.

ಒಂದು ದಿನ ದಾರಿಯಲ್ಲಿ ಅಂದ: "ಇದರ ಕೈ ಒಂದು ಸಿಕ್ಕಿತಂದ್ರ ಬಸ್, ಮುಗೀತು ನೋಡು. ಶಹನಾಜಗ ಮಾತು ಕೊಟ್ಟೀನಿ. ಆಮ್ಯಾಗ ರಜಾ ಅಂದ್ರ ಮನಿ, ಮಕ್ಕಳು."

ಅದೇ ದಿನ — ಅದೇ ದಿನವೇ ಆಗಬೇಕೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ — ಅವನು ಹೋಟೆಲಿನಲ್ಲಿ ಭಜಿ ಹೇಳಲು ಹೋದಾಗ ಗೋಣಿಯ ತಳದಲ್ಲಿ ನನ್ನ ಬೆರಳಿಗೆ ಮೂರು ಉಗುರು ತಗಲಿದವು. ಮುದುಕ ಅಂದ, "ಒಯ್ರಿ ಸಾಹೇಬ್ರ, ಅದಕೇನ್ ರೊಕ್ಕ." ಅಂಗಿಯ ಜೇಬಿನಲ್ಲಿ, ಪೆನ್ನಿನ ಹಿಂದೆ ಇಟ್ಟುಕೊಂಡೆ.

"ಏನರ ಸಿಕ್ಕಿತೇನೋ?" ಎಂದು ಅಜಮ್ ಹೋಟೆಲಿನ ಬಾಗಿಲಲ್ಲೇ ಕೇಳಿದ.

"ಏನಿಲ್ಲ," ಅಂದೆ.

ಆಗ ನಾನು ಐವಾನ್-ಎ-ಶಾಹಿ ಕಡೆ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೆ. ವಾರದಲ್ಲಿ ಆರು ದಿನ ಊರಿನ ಸುದ್ದಿ, ಏಳನೆಯ ದಿನ ಅಜಮ್. ಅವನು ಮನೆಗೆ ಮರಳಿದರೆ ನನ್ನ ಏಳನೆಯ ದಿನಕ್ಕೆ ಏನೂ ಉಳಿಯುತ್ತಿರಲಿಲ್ಲ. ಇದು ಕಾರಣ, ಸಮರ್ಥನೆ ಅಲ್ಲ. ಅವನ ಮಕ್ಕಳಿಗೆ ಹೋಗಬೇಕಾದ ರಜೆಗಳನ್ನು ನಾನು ಜೇಬಿಗೆ ಹಾಕಿಕೊಂಡೆ — ಅಷ್ಟೇ ಆದದ್ದು.

ಆಮೇಲೂ ಹೋಗುತ್ತಲೇ ಇದ್ದೆವು. ಇಲ್ಲದ ಕೈಯನ್ನು ಅವನ ಜೊತೆ ಹುಡುಕುವ ನಟನೆ ಮೊದಮೊದಲು ಸುಲಭವಿತ್ತು. ನಂತರ ದಣಿವು ಬಂತು — ಸುಳ್ಳಿನ ದಣಿವು ಬೇರೆಯೇ ತರಹದ್ದು, ನಿದ್ದೆ ಮಾಡಿದರೆ ಹೋಗುವುದಿಲ್ಲ. ಕಡೆಗೊಂದು ರಜೆಯ ದಿನ "ನನಗ ಕೆಲಸ ಅದ, ನೀ ಹೋಗಿ ಬಾ" ಅಂದುಬಿಟ್ಟೆ. ಕೆಲಸವಿರಲಿಲ್ಲ. ಕೋಣೆಯಲ್ಲಿ ಮಲಗಿದ್ದೆ. ಅವನಿಗೆ ಗಾಡಿ ಹೊಡೆಯುವ ರೂಢಿ ಅಷ್ಟಕ್ಕಷ್ಟೆ ಎಂದು ನನಗೆ ಗೊತ್ತಿತ್ತು. ಸ್ಕೂಟರಿನ ಕೀಲಿ ಕೊಟ್ಟವನೂ ನಾನೇ.

ಎದುರಿನಿಂದ ಬಂದ ಟ್ರ್ಯಾಕ್ಟರ್ ತಪ್ಪಿಸಲು ಹೋಗಿ ಬಿದ್ದ.

ಸುದ್ದಿ ಬರೆದವನು ನಾನು. ಯಾರು, ಏನು, ಎಲ್ಲಿ, ಯಾವಾಗ, ಹೇಗೆ — ಎಲ್ಲ ಸರಿಯಾಗಿಯೇ ಇತ್ತು. ಯಾಕೆ ಎಂಬಲ್ಲಿ "ವೈಯಕ್ತಿಕ ಕೆಲಸದ ನಿಮಿತ್ತ ಕಮಲಾಪುರಕ್ಕೆ ತೆರಳುತ್ತಿದ್ದಾಗ" ಎಂದು ಬರೆದೆ. ಸಂಪಾದಕರು ಒಂದಕ್ಷರ ತಿದ್ದಲಿಲ್ಲ. ಯಾಕೆ ಎಂಬುದು ಇಡೀ ಊರಿನಲ್ಲಿ ಪೂರ್ತಿ ಗೊತ್ತಿದ್ದದ್ದು ನನಗೊಬ್ಬನಿಗೆ.

ಆಸ್ಪತ್ರೆಯಲ್ಲಿ ಅವನು ನನ್ನನ್ನೇ ಸಮಾಧಾನ ಮಾಡಿದ: "ನೀ ಬರದಿದ್ದದ್ದಽ ಚಲೋ ಆತು ಯಾರ್. ಇಬ್ಬರೂ ಬೀಳ್ತಿದ್ವಿ." ಆಗ ಹೇಳಬಹುದಿತ್ತು. ಭಾಭಿ ಮೋಸಂಬಿ ಸುಲಿದು ನನ್ನ ಕೈಗೂ ಎರಡು ತೊಳೆ ಕೊಟ್ಟರು. ತಿಂದೆ.

ಓಡಲಾಗದ ಫೋಟೋಗ್ರಾಫರನನ್ನು ಪತ್ರಿಕೆ ಜಾಹೀರಾತು ವಿಭಾಗಕ್ಕೆ ಹಾಕಿತು. ನಿವೃತ್ತಿಯವರೆಗೆ ಅವನು ಶ್ರದ್ಧಾಂಜಲಿ, ನಿವೇಶನ ಮಾರಾಟದ ಜಾಹೀರಾತು ತೆಗೆದುಕೊಂಡ. ನಾನು ಮುಖ್ಯ ವರದಿಗಾರನಾದೆ. ಅವನ ಮೇಜಿನ ಮುಂದೆ ದಿನಾ ಹಾದುಹೋದೆ.

ಕಳೆದ ವಾರ ಅಜಮ್ ಮನೆಗೆ ಕರೆದ. ಗೊಂಬೆಗಳನ್ನೆಲ್ಲ ಓಣಿಯ ಮಕ್ಕಳಿಗೆ ಹಂಚಿದ್ದಾನೆ. ನೇರಳೆ ರಾಕ್ಷಸ ಮಾತ್ರ ಕಪಾಟಿನಲ್ಲಿ ಉಳಿದಿತ್ತು.

"ಕೈ ಇಲ್ಲದ್ದು ಯಾವ ಹುಡುಗೂ ಒಯ್ಯವಲ್ದು," ಅಂದ. "ನೀ ಒಯ್ಯಿ ಕುಲಕರ್ಣಿ. ನನ್ನ ಜೋಡಿ ಹುಡುಕಿದಾಂವ ನೀನಽ. ಎಲ್ಲ್ಯರ ಸಿಕ್ಕರ ಹಚ್ಚು."

ಗೊಂಬೆಯನ್ನು ಮನೆಗೆ ತಂದೆ. ಕೈಯನ್ನು ಅಡಗಿಸಿಟ್ಟಿದ್ದ ಹಳೆಯ ತಂಬಾಕಿನ ಡಬ್ಬಿ ತೆರೆದೆ. ಇಷ್ಟು ವರ್ಷಕ್ಕೆ ಆ ಕೈ ಅಂಟಂಟಾಗಿದೆ, ಬಣ್ಣ ಕಂದಿದೆ. ಭುಜದ ಹತ್ತಿರ ಹಿಡಿದು ನೋಡಿದರೆ ಅಳತೆ ಮಾತ್ರ ಸರಿಯಾಗಿ ಕೂಡುತ್ತದೆ. ನೀರು ಕಾಯಿಸಿದೆ. ಪಾತ್ರೆಯ ಮುಂದೆ ನಿಂತೆ. ಆಮೇಲೆ ಒಲೆ ಆರಿಸಿದೆ — ಆ ಕೈಯನ್ನು ಹಚ್ಚುವುದು ನನ್ನ ಕೆಲಸವಲ್ಲ.

ಈ ಬರಹವನ್ನು ಇನ್ನೂ ಪತ್ರಿಕೆಗೆ ಕಳಿಸಿಲ್ಲ. ಅವನು ಇದನ್ನು ಅಚ್ಚಿನಲ್ಲಿ ಓದಿ ತಿಳಿಯಬಾರದು. ಮೊದಲು ನನ್ನ ಬಾಯಿಂದ ಕೇಳಬೇಕು, ಭಾಭಿ ಕೂಡ ಅಲ್ಲೇ ಇರಬೇಕು. ಇಂದು ಸಂಜೆ ಜೇವರ್ಗಿ ಕಾಲೋನಿಗೆ ಹೋಗುತ್ತೇನೆ, ಗೊಂಬೆ ಒಂದು ಕೈಯಲ್ಲಿ, ಡಬ್ಬಿ ಒಂದು ಕೈಯಲ್ಲಿ. ಹೇಳಿದ ಮೇಲೆ ಅವನು ಕೈ ಹಚ್ಚಲು ನೀರು ಕಾಯಲಿಟ್ಟರೆ ಅಲ್ಲೇ ಕೂರುತ್ತೇನೆ. ಇಡದಿದ್ದರೆ ಎರಡನ್ನೂ ಅವನ ಮುಂದೆ ಬಿಟ್ಟು ಎದ್ದು ಬರುತ್ತೇನೆ.